ಹದವಾದ ಹಲಗೆ

ವರ್ನನ್ ಅಣ್ಣನಿಗೆ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮನೆಗೆ ಬಂದರೆ ಅತ್ತಿಗೆ ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಾಳೆ. ಅದಕ್ಕೇ ಈ ಕಾಗದ. ಶುಕ್ರವಾರ ಚರ್ಚಿನ ಮೀನೂಟದಲ್ಲಿ ನನ್ನನ್ನು ಕಂಡು ನೀನು ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದದ್ದನ್ನು ಊರೇ ನೋಡಿತು. ನನಗೆ ಕೋಪ ಬಂತು. ಸುಳ್ಳೇಕೆ, ಅಳುವೂ ಬಂತು.

ವಿಸ್ಕಿ ತಯಾರಿಸುವವರು ನಮ್ಮ ಕಾರ್ಖಾನೆಯ ಪೀಪಾಯಿ ಕೊಳ್ಳುವುದನ್ನು ನಿಲ್ಲಿಸಿದ ವರ್ಷ ನನ್ನ ಮುಂದಿದ್ದದ್ದು ಎರಡೇ ದಾರಿ. ಅಂಗಳದಲ್ಲಿ ಒಣಗುತ್ತಿದ್ದ ಓಕ್ ಹಲಗೆಯನ್ನೆಲ್ಲ ಮಾರಿ ಎಲ್ಲರಿಗೂ ಸಂಬಳ ಕೊಡುವುದು, ಇಲ್ಲವೇ ಹಲಗೆ ಉಳಿಸಿಕೊಂಡು ಅರ್ಧ ಜನರನ್ನು ಮನೆಗೆ ಕಳಿಸುವುದು. ಎರಡು ಚಳಿಗಾಲ ಮಳೆಹಿಮದಲ್ಲಿ ಬಿದ್ದಿರದ ಹಲಗೆಯಿಂದ ಪೀಪಾಯಿ ಮಾಡಿದರೆ ಸೋರುತ್ತದೆ ಎಂದು ಅಪ್ಪ ನಮ್ಮಿಬ್ಬರಿಗೂ ತಲೆ ತಿಂದು ಕಲಿಸಿದ್ದನಲ್ಲ. ಅಂಗಳ ಬರಿದಾದರೆ ಒಳ್ಳೆಯ ಕಾಲ ಬಂದಾಗ ಏನಿಟ್ಟುಕೊಂಡು ಬೆಳೆಯುವುದು? ಹಾಗೆಂದೇ ಹಲಗೆ ಉಳಿಸಿದೆ. ಕೊನೆಗೆ ಸೇರಿದವರು ಮೊದಲು ಹೋಗಬೇಕೆನ್ನುವುದು ನಮ್ಮ ಕಾರ್ಖಾನೆಯ ಪದ್ಧತಿ. ನಿನ್ನ ಮಗ ಡೇಲ್ ಆ ಸಾಲಿನಲ್ಲಿದ್ದ. ಅವನೊಬ್ಬನನ್ನು ಉಳಿಸಿಕೊಂಡು ಉಳಿದ ಹುಡುಗರ ಮುಖ ಹೇಗೆ ನೋಡಲಿ?

ನೀನು ಅವತ್ತೇ ಏಪ್ರನ್ ಬಿಚ್ಚಿ ನನ್ನ ಮೇಜಿನ ಮೇಲಿಟ್ಟೆ. “ಅಪ್ಪನ ಕಂಪನಿ ಉಳಿಸ್ತೀನಿ ಅಂತ ಅಪ್ಪನ ಮೊಮ್ಮಗನ್ನೇ ಆಚೆ ಹಾಕಿದೆಯಲ್ಲೇ ಲೊರೆಟ್ಟಾ. ಇನ್ನು ಆ ಹಲಗೆ ಜೊತೇನೇ ಮಾತಾಡ್ಕೊಂಡಿರು” ಅಂದೆ. ಹಾಗೇ ಇದ್ದೇನೆ.

ಈಗ ವಿಸ್ಕಿಯವರು ಮತ್ತೆ ಬಂದಿದ್ದಾರೆ. ಮೊದಲಿನದಕ್ಕಿಂತ ದೊಡ್ಡ ಆರ್ಡರ್. ಹಲಗೆ ಬೂದುಬಣ್ಣಕ್ಕೆ ತಿರುಗಿ ಹದವಾಗಿ ಕೂತಿದೆ. ಆದರೆ ಅಗಲದ್ದು ಕಿರಿದಾದದ್ದು ಆರಿಸಿ ಜೋಡಿಸಿ, ಅಂಟಿಲ್ಲದೆ ಮೊಳೆಯಿಲ್ಲದೆ ಪೀಪಾಯಿ ಕಟ್ಟುವವರು ಇಲ್ಲ. ಹಳಬರು ಬೆನ್ನು ನೋವೆಂದು ಒಬ್ಬೊಬ್ಬರಾಗಿ ಮನೆ ಸೇರಿದರು. ಅವರ ಪಕ್ಕ ನಿಂತು ಕಲಿಯುತ್ತಿದ್ದ ಹುಡುಗರನ್ನು ನಾನೇ ಕಳಿಸಿದ್ದೆ. ಹಲಗೆ ಹದವಾಗಲು ಕಾಲ ಬೇಕೆಂದು ಗೊತ್ತಿದ್ದ ನನಗೆ ಮನುಷ್ಯರ ವಿಷಯ ಹೊಳೆಯಲೇ ಇಲ್ಲ.

ಡೇಲ್‌ಗೆ ಫೋನ್ ಮಾಡಿ ವಾಪಸ್ ಬಾ ಎಂದು ಕೇಳಿದೆ. ಟಲ್ಸಾದಲ್ಲಿ ಲಾರಿ ಓಡಿಸುತ್ತಾನಂತೆ, ಮಗಳು ಹುಟ್ಟಿದ್ದಾಳಂತೆ. ಮರ್ಯಾದೆಯಿಂದಲೇ ಮಾತಾಡಿದ. “ಬೇಡ ಅತ್ತೆ. ಇನ್ನೊಂದ್ಸಲ ಕೆಟ್ಟ ಕಾಲ ಬಂದ್ರೆ ನೀವು ಮತ್ತೆ ಹಲಗೇನೇ ಉಳಿಸ್ಕೋತೀರಿ” ಅಂದ.

ಫೋನ್ ಇಟ್ಟವಳೇ ಆರ್ಡರ್ ಬೇಡವೆಂದು ವಿಸ್ಕಿಯವರಿಗೆ ಹೇಳಿಬಿಟ್ಟೆ. ಸೋಮವಾರ ಕೆಂಟಕಿಯಿಂದ ಲಾರಿಗಳು ಬರುತ್ತವೆ, ಹಲಗೆಯನ್ನೆಲ್ಲ ಅಲ್ಲಿನ ಪೀಪಾಯಿ ಕಾರ್ಖಾನೆಯವರಿಗೆ ಮಾರಿದ್ದೇನೆ. ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ನಿನಗೆ ತಿಳಿಯಲಿ ಎಂದು ಬರೆದೆ.

ನಿನ್ನ ಮೊಮ್ಮಗಳು ನೂರು ವರ್ಷ ಬಾಳಲಿ. ಟಲ್ಸಾಕ್ಕೆ ಹೋದಾಗ ನನ್ನ ಹೆಸರು ಹೇಳದೆಯೇ ಅವಳನ್ನು ಒಮ್ಮೆ ನನಗಾಗಿ ಎತ್ತಿಕೊ.

ನಿನ್ನ ತಂಗಿ,
ಲೊರೆಟ್ಟಾ