ಗಿರಿಯಣ್ಣನ ಮಡಿವಾಳ ಹಕ್ಕಿ

ಹೊಸತೆಣಿಕೆ ಮುನ್ನೂರ ಹನ್ನೆರಡು, ಎರಡನೆಯ ಚೈತ್ರದ ಮೂವತ್ತೆಂಟನೆಯ ದಿನ
ಗೂಡುಗೆರೆ

ಹೊನ್ನಗಟ್ಟದಲ್ಲಿ ನೀರು ಬಿಡುವ ಗಿರಿಯಣ್ಣನವರಿಗೆ ಮರಿಸಾಕಿ ಚೆಲುವಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಉದ್ದವಾಗುತ್ತಾ ಹೋದ ಹಾಗೆ ನಮ್ಮ ಹಿರಿಯರು ಇನ್ನೊಂದು ಚೈತ್ರ ಸೇರಿಸಿಕೊಂಡರು, ಅದೂ ಸಾಲದೆ ಅದರ ದಿನಗಳನ್ನೂ ಎಳೆದರು. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಅದಕ್ಕೂ ಕ್ಷಮೆ ಇರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮೂರಿನ ರೇಡಿಯೋದಿಂದಲೇ. ಹಾಗಾಗಿ ಒಂದು ಕಡೆ ಕವನ ಓದುವವರಂತೆಯೂ ಇನ್ನೊಂದು ಕಡೆ ಫೋನ್ ಮಾಡಿ ಹಾಡು ಕೇಳುವವರಂತೆಯೂ ಬರೆದುಬಿಟ್ಟರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಕಾಗದ ತಿರುಗಂಚೆಯಲ್ಲಿ ಬರುತ್ತಿದೆ. ತಿರುಗಂಚೆ ಎಂದರೆ ಹಿಂದಿನ ಕಾಲಕ್ಕೆ ಮಾತ್ರ ಹೋಗುವ ಅಂಚೆ, ಅದರಲ್ಲಿ ಉತ್ತರ ಬರುವುದಿಲ್ಲ. ನೀವು ರೇಡಿಯೋಗೆ ಹೋಗುವ ಮುಂಚೆ ಇದು ಸಿಕ್ಕಿತೋ, ಹೋಗಿಬಂದ ಮೇಲೆ ಸಿಕ್ಕಿತೋ ತಿಳಿಯುವ ದಾರಿಯೂ ನನಗಿಲ್ಲ. ಮುಂಚೆಯೇ ಸಿಗಲಿ ಎಂದು ಬೇಡಿಕೊಂಡು ಬರೆಯುತ್ತಿದ್ದೇನೆ.

ಮೊದಲು ನನ್ನ ಕೆಲಸ ಹೇಳಿಬಿಡುತ್ತೇನೆ. ನಮ್ಮ ಕಾಲದಲ್ಲಿ ಹಾಡುವ ಹಕ್ಕಿ ಇಲ್ಲ. ಕಾಗೆ ಇದೆ, ಅದು ಎಲ್ಲಿಗೂ ಹೋಗಲಿಲ್ಲ. ಉಳಿದವು ದೂಳುಗಾಲದಲ್ಲಿ ಹೋದವು. ನಿಮ್ಮ ಕಾಲದ ಯಾರೋ ಪುಣ್ಯಾತ್ಮರು ತಣ್ಣನೆಯ ಪೆಟ್ಟಿಗೆಯಲ್ಲಿ ಒಂದಿಷ್ಟು ಹಕ್ಕಿಬೀಜ ಇಟ್ಟುಹೋಗಿದ್ದರು, ಅದರಿಂದ ಮರಿ ಮಾಡಿ ಸಾಕುವವಳೇ ಮರಿಸಾಕಿ. ನಮ್ಮ ಮನೆಗಳು ಅರ್ಧ ನೆಲದೊಳಗೆ, ಅರ್ಧ ಮೇಲೆ. ಬೆಳಗ್ಗೆ ತಂಪು ಹೊತ್ತಿನಲ್ಲಿ ಎದ್ದು ಗೆದ್ದಲು ಹಿಡಿದು, ಸಾವೆ ಹಿಟ್ಟಿನಲ್ಲಿ ಕಲಸಿ, ಕಡ್ಡಿಯ ತುದಿಯಲ್ಲಿಟ್ಟು ಒಂದೊಂದು ಮರಿಯ ಬಾಯಿಗೂ ತುರುಕಬೇಕು. ಅಷ್ಟೊತ್ತಿಗೆ ಬಿಸಿಲು ಏರಿ, ಊರೆಲ್ಲಾ ಕೆಳಗಿಳಿದು ಮಲಗುತ್ತದೆ. ನನಗೆ ಮಲಗುವ ಭಾಗ್ಯವಿಲ್ಲ, ಮರಿಗಳು ಬಾಯಿ ಬಿಟ್ಟುಕೊಂಡೇ ಇರುತ್ತವೆ. ಎಲ್ಲರ ಹಾಗೆ ನನಗೂ ದೂಳುಗೆಮ್ಮು ಉಂಟು, ಕೆಮ್ಮುತ್ತಲೇ ತಿನ್ನಿಸುತ್ತೇನೆ. ಸಂಜೆ ಜನ ಮೇಲೆ ಬಂದು ಕಟ್ಟೆಯ ಮೇಲೆ ಕೂತು ಮುದ್ದೆ ಉಣ್ಣುತ್ತಾ ಹಳೆಯ ದನಿಗಳನ್ನು ಕೇಳುತ್ತಾರೆ. ಆ ದನಿಗಳು ಬರುವುದು ದನಿಗಣಿಯಿಂದ. ನಿಮ್ಮವರು ಬಿಸಾಡಿದ ಯಂತ್ರಗಳ ರಾಶಿಯನ್ನು ಅಗೆದು ಅದರೊಳಗೆ ಉಳಿದ ಮಾತು, ಹಾಡು ತೆಗೆಯುವ ಜಾಗಕ್ಕೆ ನಾವು ಹಾಗೆನ್ನುತ್ತೇವೆ.

ನಮ್ಮ ಗಣಿಯಲ್ಲಿ ಸಿಕ್ಕಿದ್ದೆಲ್ಲಾ ನಿಮ್ಮ ಹೊನ್ನಗಟ್ಟದ ‘ನೆರೆಹೊರೆ ರೇಡಿಯೋ’ದ್ದೇ. ಎಂಥ ರೇಡಿಯೋ ಸ್ವಾಮಿ ಅದು, ಅದರ ತಲೆಬುಡ ನಮಗೆ ಇನ್ನೂ ಹತ್ತಿಲ್ಲ! ಒಬ್ಬರು ಬಂದು ಕಥೆ ಓದುತ್ತಾರೆ, ಹಿಂದೆ ಯಾರೋ ಬಕೆಟ್ ಎಳೆಯುವ ಸದ್ದು. ಒಬ್ಬಾಕೆ ಸೋಬಾನೆ ಹಾಡುತ್ತಾ ಹಾಡುತ್ತಾ ನಿಲ್ಲಿಸಿ, ಮುಂದಿನ ಸಾಲು ನಮ್ಮ ಅತ್ತೆಗೆ ಗೊತ್ತು, ಅವರು ಬಂದಿಲ್ಲ ಎನ್ನುತ್ತಾರೆ, ಅಷ್ಟೇ, ಹಾಡು ಮುಗಿಯಿತು. ಅವರ ಅತ್ತೆ ಬಂದರೋ ಇಲ್ಲವೋ ಎಂದು ನಮ್ಮ ಊರು ಮೂರು ತಲೆಮಾರಿನಿಂದ ಕಾಯುತ್ತಿದೆ. ಒಬ್ಬರು ಫೋನ್ ಮಾಡಿ ಹೆಂಡತಿ, ಮಕ್ಕಳು, ಭಾವ, ಭಾವನ ಅಂಗಡಿ ಹುಡುಗ ಎಲ್ಲರ ಹೆಸರೂ ಹೇಳಿ ಹಾಡನ್ನೇ ಕೇಳದೆ ಇಟ್ಟುಬಿಡುತ್ತಾರೆ. ಕರೆಂಟ್ ಹೋಯ್ತು ಎನ್ನುತ್ತಾರೆ, ಎಲ್ಲಿಗೆ ಹೋಯಿತೆಂದು ಯಾರೂ ವಿಚಾರಿಸುವುದಿಲ್ಲ. ನಿಮ್ಮ ಉದ್ಘೋಷಕಿ ರುಬೀನಾ ದಿನಾ ಬೆಳಗ್ಗೆ ನೀವು ಕೇಳುತ್ತಿದ್ದೀರಿ, ಕೇಳುತ್ತಾ ಇರಿ ಎನ್ನುತ್ತಾರಲ್ಲ, ನಾವು ಕೇಳುತ್ತಿರುವುದು ಆ ತಾಯಿಗೆ ಹೇಗೆ ಗೊತ್ತಾಯಿತು? ನಮ್ಮ ಊರಿನ ಮಕ್ಕಳು ಈಗಲೂ ಆ ಮಾತು ಬಂದ ಕೂಡಲೇ ಹೂಂ ಎಂದು ಉತ್ತರ ಕೊಡುತ್ತವೆ.

ಇದರ ಮಧ್ಯೆ ಒಂದು ಚೂರು ಸಿಕ್ಕಿತ್ತು. ಅದರಲ್ಲಿ ಮನುಷ್ಯರ ಮಾತೇ ಇರಲಿಲ್ಲ, ಬರೀ ಹಕ್ಕಿಯ ಸಿಳ್ಳೆ. ದನಿಜರಡಿ ಎಂಬ ಯಂತ್ರ ನಮ್ಮಲ್ಲಿದೆ, ಅದು ಮನುಷ್ಯರ ಸದ್ದನ್ನು ಒಂದು ಕಡೆಗೂ ಉಳಿದದ್ದನ್ನು ಇನ್ನೊಂದು ಕಡೆಗೂ ಜರಡಿ ಹಿಡಿಯುತ್ತದೆ. ಅದು ಈ ಚೂರನ್ನು ಕಣ್ಣುಮುಚ್ಚಿಕೊಂಡು ಹಕ್ಕಿಗಳ ಕಡೆಗೆ ಹಾಕಿತು, ಮಡಿವಾಳ ಹಕ್ಕಿ ಎಂದು ಹೆಸರನ್ನೂ ಹೇಳಿತು. ನನ್ನ ಕೈಯಲ್ಲಿದ್ದ ಬೀಜವೂ ಮಡಿವಾಳ ಹಕ್ಕಿಯದೇ! ನನಗಾದ ಸಂತೋಷ ಅಷ್ಟಿಷ್ಟಲ್ಲ. ಈ ಹಕ್ಕಿಯ ಗಂಡುಮರಿ ಹುಟ್ಟುತ್ತಲೇ ಹಾಡು ಕಲಿತುಕೊಂಡು ಬರುವುದಿಲ್ಲ, ಅಪ್ಪನ ಹಾಡನ್ನು ಕೇಳಿ ಕಲಿಯಬೇಕು. ಅಪ್ಪನೇ ಇಲ್ಲದ ಮರಿಗಳಿಗೆ ಆ ಚೂರನ್ನೇ ಅಪ್ಪ ಮಾಡಿದೆ. ದಿನಾ ಹೊತ್ತು ಮೂಡುವಾಗ ಗಂಡುಮರಿಗಳ ಮನೆಯಲ್ಲಿ ಹಾಕುತ್ತಿದ್ದೆ. ಉದ್ದನೆಯ ಸಿಳ್ಳೆ, ಆಮೇಲೆ ಒಂದು ಬಳುಕು, ಆಮೇಲೆ ಒಂದು ಜಾರು, ಕೊನೆಗೆ ಗಂಟಲಲ್ಲಿ ಒಂದು ಖ್ಞೂಂ. ಪ್ರತಿ ಸಲವೂ ಕೊನೆಗೆ ಖ್ಞೂಂ. ಮರಿಗಳು ಒಂದೂ ತಪ್ಪದೆ ಕಲಿತವು. ಈ ಬೇಸಿಗೆಯಲ್ಲೇ ಅವನ್ನು ಗೂಡುಗೆರೆಯ ತೋಪಿಗೆ ಬಿಡುವುದೆಂದು ನಿಶ್ಚಯವೂ ಆಯಿತು. ಬೀಜಪೆಟ್ಟಿಗೆ ಖಾಲಿಯಾಗಿದೆ ಗಿರಿಯಣ್ಣನವರೇ, ಇವೇ ಕೊನೆಯವು.

ಕೆಲವು ವಾರಗಳ ಹಿಂದೆ ದನಿಗಣಿಯವರು ಇನ್ನೊಂದು ಚೂರು ತಂದುಕೊಟ್ಟರು. ಅದೇ ದಿನದ್ದು, ಅದರ ಹಿಂದುಮುಂದಿನ ಮಾತೂ ಸೇರಿದ್ದು. ರುಬೀನಾ ‘ನಮ್ಮೂರ ಪ್ರತಿಭೆ’ ಎನ್ನುತ್ತಾರೆ. ವಿಮಲಾಕ್ಷಿ ಟೀಚರ್ ಎಂಬುವರು ಹುಣಸೆಮರದ ಮೇಲೆ ಒಂದು ಕವನ ಓದುತ್ತಾರೆ, ಚೆನ್ನಾಗಿದೆ. ಆಮೇಲೆ ರುಬೀನಾ, ಈಗ ನಮಗೆಲ್ಲಾ ನೀರು ಬಿಡೋ ಗಿರಿಯಣ್ಣ ಮಿಮಿಕ್ರಿ ಮಾಡ್ತಾರೆ, ಮಡಿವಾಳ ಹಕ್ಕಿ ಕೂಗನ್ನ ಬಾಯಲ್ಲೇ ಮಾಡಿ ತೋರಿಸ್ತಾರೆ ಎಂದರು. ನೀವು, ಟೀಚರ್ ಅಷ್ಟು ಚಂದ ಓದಿದ ಮೇಲೆ ನಂದೇನು ಮೇಡಂ, ಬಾಯಾಟ, ನಾನೇನು ಕಲಾವಿದನಾ ಎಂದಿರಿ. ಆಮೇಲೆ ಉದ್ದನೆಯ ಸಿಳ್ಳೆ. ಬಳುಕು. ಜಾರು. ಖ್ಞೂಂ. ನನ್ನ ಕೈಯಲ್ಲಿದ್ದ ಗೆದ್ದಲಿನ ತಟ್ಟೆ ಬಿದ್ದೇಹೋಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಥೂ, ಗಂಟಲು ಕಟ್ಟಿದೆ ಮೇಡಂ, ಇದನ್ನ ತೆಗೆದುಬಿಡಿ, ಇನ್ನೊಂದ್ಸಲ ಮಾಡ್ತೀನಿ ಎಂದಿರಿ. ರುಬೀನಾ ನಗುತ್ತಾ, ಎಡಿಟಿಂಗಲ್ಲಿ ತೆಗೀತೀವಿ ಬಿಡಿ ಅಣ್ಣಾ ಎಂದರು. ಮತ್ತೆ ಮಾಡಿದಿರಿ, ಮತ್ತೆ ಕೆಮ್ಮಿದಿರಿ.

ಅಯ್ಯೋ ನನ್ನ ಶಿವನೇ! ನಾನು ನಗಲೋ ಅಳಲೋ? ಮಿಮಿಕ್ರಿ ಎಂದರೇನೆಂದು ತಿಳಿಯಲು ದನಿಗಣಿಯವರನ್ನೆಲ್ಲಾ ಕೇಳಿಬಂದೆ. ಇಲ್ಲದ್ದನ್ನು ಇದೆ ಎನ್ನಿಸುವ ಆಟ ಎಂದರು. ಹಾಗಾದರೆ ನಾನು ಇಷ್ಟು ದಿನ ಸಾಕಿದ್ದು ಏನನ್ನು? ಮೈ ಹಕ್ಕಿಯದು, ರೆಕ್ಕೆ ಹಕ್ಕಿಯದು, ಹಾಡು ಹೊನ್ನಗಟ್ಟದಲ್ಲಿ ನೀರು ಬಿಡುವವರದು, ಅದರ ಮೇಲೆ ಕೆಮ್ಮು ಬೇರೆ. ನಿಮ್ಮ ಮೇಲೆ ಕೋಪ ಬಂತು, ಮುಚ್ಚಿಟ್ಟು ಏನು ಪ್ರಯೋಜನ. ಕೆಮ್ಮು ಇದ್ದವರು ಮನೆಯಲ್ಲಿ ಬಿದ್ದಿರಬಾರದಿತ್ತೇ ಎಂದು ಬೈದೆ ಕೂಡ. ಮಾರನೆಯ ಬೆಳಗ್ಗೆ ಮರಿಗಳ ಮನೆಗೆ ಹೋದರೆ ಅವೆಲ್ಲಾ ಒಟ್ಟಿಗೆ ಎದೆ ಉಬ್ಬಿಸಿಕೊಂಡು ಹಾಡುತ್ತಿವೆ, ಹಾಡಿ ಹಾಡಿ ಖ್ಞೂಂ ಎನ್ನುತ್ತಿವೆ. ನನಗೆ ಕೋಪ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಕೂಡುಕಟ್ಟೆಗೆ ಹೇಳಲೇಬೇಕಾಗಿತ್ತು, ಹೇಳಿದೆ. ಕೂಡುಕಟ್ಟೆ ಎಂದರೆ ಊರಿನ ಹಿರಿಯರು ಕೂತು ತೀರ್ಮಾನ ಮಾಡುವ ಜಾಗ. ಅದಕ್ಕೆ ಹಿರಿಯರು ಬಸಲಿಂಗಮ್ಮ, ಮಾತು ಕಡಿಮೆ, ಆಡಿದರೆ ಕತ್ತರಿಸಿದ ಹಾಗೆ. ಚೂರು ಕೇಳಿ ಅವರು, ಇವು ಹಕ್ಕಿಗಳಲ್ಲ ಚೆಲುವಿ, ಗಿರಿಯಣ್ಣನ ಶಿಷ್ಯರು ಎಂದರು. ತೋಪಿಗೆ ಬಿಡಬೇಕಾದರೆ ಅದು ತೋಪಿನದೇ ಆಗಿರಬೇಕು, ಸುಳ್ಳನ್ನು ಮರಕ್ಕೆ ಹತ್ತಿಸಿದರೆ ನಾಳೆ ಇಳಿಸುವವರು ಯಾರು ಎಂದರು. ಇವನ್ನು ಮನೆಯೊಳಗೇ ಇಟ್ಟು ಅನ್ನ ಹಾಕು, ಇವುಗಳ ಕಾಲಕ್ಕೆ ಮುಗಿಯಲಿ ಎಂದರು. ನಾನು ಬಿಡಲಿಲ್ಲ. ಅದೇ ಚೂರಿನಲ್ಲಿ ವಿಮಲಾಕ್ಷಿ ಟೀಚರ್ ನಿಮಗೆ ಹೇಳುವ ಮಾತು ಇದೆಯಲ್ಲಾ, ಅದನ್ನು ಹಾಕಿ ಕೇಳಿಸಿದೆ. ನಿಲ್ಲಿಸಬೇಡಿ ಗಿರಿಯಣ್ಣ, ನಮ್ಮನೆ ನುಗ್ಗೆಮರದ್ದು ದಿನಾ ಹೀಗೇ ಕೂಗೋದು, ಆ ಕೆಮ್ಮೊಂದು ಬಿಟ್ಟು ಎನ್ನುತ್ತಾರೆ ಅವರು. ನೋಡಿ ತಾಯಿ, ಕಂಡವರೇ ಹೇಳುತ್ತಿದ್ದಾರೆ ಎಂದೆ. ಬಸಲಿಂಗಮ್ಮ, ಕವನ ಬರೆಯುವವರು ಪಕ್ಕದಲ್ಲಿದ್ದವರ ಮನಸ್ಸು ನೋಯಿಸುತ್ತಾರೆಯೇ ಎಂದರು. ಆ ಟೀಚರ್ ನಿಮ್ಮನ್ನು ಸಮಾಧಾನಪಡಿಸಲು ಹೇಳಿದರೋ, ನಿಜವಾಗಿಯೇ ಹೇಳಿದರೋ ನಿಮಗಾದರೂ ಗೊತ್ತಿತ್ತೇ?

ಕೊನೆಗೆ ನಾನು ಕಾಲಿಗೆ ಬಿದ್ದೆ. ನಾವು ಯಾರೂ ನಿಜವಾದ ಹಾಡು ಕೇಳಿದವರಲ್ಲ, ಹೆಣ್ಣುಹಕ್ಕಿಗಳನ್ನೇ ಕೇಳೋಣ ಎಂದೆ. ಹೆಣ್ಣುಮರಿಗಳನ್ನು ಬೇರೆ ಮನೆಯಲ್ಲಿ ಸಾಕಿದ್ದೆ, ಅವು ಈ ಸಿಳ್ಳೆಯನ್ನು ಕೇಳಿರಲೇ ಇಲ್ಲ. ಹಾಡು ಸುಳ್ಳಾದರೆ ಅವು ಒಪ್ಪುವುದಿಲ್ಲ, ಗೂಡು ಕಟ್ಟುವುದಿಲ್ಲ. ಬಸಲಿಂಗಮ್ಮ ಒಪ್ಪಿದರು. ಹೆಣ್ಣು ಹುಲ್ಲು ಎತ್ತಿದರೆ ಬಾಗಿಲು ತೆಗೆಯೋಣ, ಎತ್ತದಿದ್ದರೆ ಮತ್ತೆ ಬಾಯಿ ತೆಗೆಯಬೇಡ ಎಂದರು. ದೊಡ್ಡ ಬಲೆಮನೆಯಲ್ಲಿ ಒಂದು ಗಂಡನ್ನೂ ಹೆಣ್ಣುಗಳನ್ನೂ ಬಿಟ್ಟೆವು, ಮೂಲೆಯಲ್ಲಿ ಪೊಟರೆಯಿರುವ ಒಂದು ಕೊರಡು, ಒಣಹುಲ್ಲು, ನಾರು ಇಟ್ಟೆವು. ಊರೆಲ್ಲಾ ಹೊರಗೆ ಕೂತಿತು.

ಗಂಡು ಹಾಡಿತು. ಎಂಥ ಸಿಳ್ಳೆ ಅದು, ನಿಮ್ಮದು! ನನಗೆ ಕಣ್ಣೀರು ಬಂತು. ಹೆಣ್ಣುಗಳಿಗೆ ಏನೂ ಬರಲಿಲ್ಲ. ಒಂದು ರೆಕ್ಕೆ ಕೆದರಿಕೊಳ್ಳುತ್ತಿತ್ತು, ಒಂದು ಗೋಡೆ ನೋಡುತ್ತಿತ್ತು. ಬಳುಕು ಬಂತು, ತಿರುಗಲಿಲ್ಲ. ಜಾರು ಬಂತು, ತಿರುಗಲಿಲ್ಲ. ಬಸಲಿಂಗಮ್ಮ ಸೆರಗು ಕೊಡವಿಕೊಂಡು ಏಳುತ್ತಿದ್ದರು. ಆಗ ಗಂಡು ಖ್ಞೂಂ ಎಂದಿತು. ಎಲ್ಲಾ ಹೆಣ್ಣುಗಳೂ ಒಂದೇ ಸಲಕ್ಕೆ ತಿರುಗಿದವು! ಮತ್ತೆ ಹಾಡು, ಮತ್ತೆ ಉದಾಸೀನ, ಮತ್ತೆ ಖ್ಞೂಂ, ಮತ್ತೆ ತಿರುಗಿದವು. ಒಂದು ಹಾರಿ ಬಂದು ಗಂಡಿನ ಪಕ್ಕದ ಕೊಂಬೆಯಲ್ಲಿ ಕೂತಿತು. ಮಾರನೆಯ ದಿನ ಅದೇ ಹೆಣ್ಣು ಒಂದು ಎಳೆ ಹುಲ್ಲನ್ನು ಕಚ್ಚಿಕೊಂಡು ಪೊಟರೆಯೊಳಗೆ ಹೋಯಿತು. ಊರು ಕೂಗಿಕೊಂಡಿತು. ನಾನು ಕೂಗಲಿಲ್ಲ.

ಯಾಕೆಂದರೆ ಲೆಕ್ಕ ಕೂಡುತ್ತಿಲ್ಲವಲ್ಲ. ಟೀಚರ್ ಹೇಳಿದ ಪ್ರಕಾರ ಹಾಡೆಲ್ಲಾ ನಿಜ, ಕೆಮ್ಮೊಂದು ಸುಳ್ಳು. ಹೆಣ್ಣುಗಳು ಹಾಡನ್ನು ಬಿಟ್ಟು ಸುಳ್ಳನ್ನೇ ಒಪ್ಪಿದವು. ಬಸಲಿಂಗಮ್ಮ ನನ್ನ ಮುಖವನ್ನೇ ನೋಡಿ, ನೀನು ತಿನ್ನಿಸಲು ಹೋದಾಗಲೆಲ್ಲಾ ಕೆಮ್ಮುತ್ತಿದ್ದೆಯಲ್ಲೇ ಚೆಲುವಿ, ಆ ಹೆಣ್ಣುಗಳಿಗೆ ಕೆಮ್ಮೆಂದರೆ ಊಟ, ಕೆಮ್ಮೆಂದರೆ ಅಮ್ಮ ಎಂದರು. ಹೌದಲ್ಲವೇ? ಹಾಗಾದರೆ ಅವು ಒಪ್ಪಿದ್ದು ಗಂಡನ್ನೋ, ನಿಮ್ಮನ್ನೋ, ನನ್ನನ್ನೋ, ಗೆದ್ದಲಿನ ಉಂಡೆಯನ್ನೋ? ನಿಮ್ಮ ಕೆಮ್ಮು ನನ್ನ ಕೆಮ್ಮಿನ ಹಾಗೇ ಇರುವುದಕ್ಕೆ ಏನು ಹೇಳಲಿ? ದಿನವಿಡೀ ಯೋಚಿಸಿ ಯೋಚಿಸಿ ಬಿಟ್ಟುಬಿಟ್ಟೆ. ಬಸಲಿಂಗಮ್ಮ ಮಾತು ಕೊಟ್ಟ ಮೇಲೆ ತಪ್ಪುವವರಲ್ಲ. ಹುಲ್ಲು ಎತ್ತಿದೆ, ಬಾಗಿಲು ತೆಗಿ ಎಂದರು. ಹೋಗುವಾಗ ಮಾತ್ರ, ಇದೇನು ತೀರ್ಪೋ ನನಗೂ ಅರ್ಥವಾಗಲಿಲ್ಲ ಕಣೇ ಎಂದು ಮೆಲ್ಲಗೆ ಹೇಳಿದರು.

ಬಾಗಿಲು ತೆಗೆದು ಇವತ್ತಿಗೆ ಸುಮಾರು ದಿನವಾಯಿತು. ತೋಪಿನಲ್ಲಿ ಮೊದಲ ಮೊಟ್ಟೆಗಳಿವೆ. ಅವುಗಳಿಂದ ಹುಟ್ಟುವ ಮರಿಗಳಿಗೆ ನಾನೂ ಬೇಕಿಲ್ಲ, ದನಿಗಣಿಯ ಚೂರೂ ಬೇಕಿಲ್ಲ, ಅಪ್ಪಂದಿರಿದ್ದಾರೆ. ಹೊತ್ತು ಮೂಡುವಾಗ ನಮ್ಮೂರ ಜನ ಕೆಲಸ ಬಿಟ್ಟು ತೋಪಿನ ಅಂಚಿನಲ್ಲಿ ನಿಲ್ಲುತ್ತಾರೆ. ನಾನು ನಿಂತರೆ ಹಕ್ಕಿ ಕಾಣುವುದಿಲ್ಲ, ಮೈಕಿನ ಮುಂದೆ ಮುದುಡಿಕೊಂಡು ಕೂತ ನೀವು ಕಾಣುತ್ತೀರಿ. ನಿಮ್ಮ ಮುಖ ಹೇಗಿದೆಯೋ ಗೊತ್ತಿಲ್ಲ, ಆದರೂ ಕಾಣುತ್ತೀರಿ. ನಿಮ್ಮ ಮೇಲಿದ್ದ ಕೋಪ ಎಲ್ಲಿಗೆ ಹೋಯಿತೋ, ನಿಮ್ಮ ಕರೆಂಟು ಹೋದಲ್ಲಿಗೇ ಹೋಗಿರಬೇಕು.

ಈಗ ನನಗಿರುವ ಹೆದರಿಕೆ ಒಂದೇ. ಕೆಮ್ಮನ್ನು ತೆಗೆದುಬಿಡಿ ಎಂದು ನೀವು ಹೇಳಿದಿರಿ, ತೆಗೀತೀವಿ ಎಂದು ಆ ತಾಯಿ ಒಪ್ಪಿದರು. ತೆಗೆದಿದ್ದರೆ ನನ್ನ ಗಂಡುಮರಿಗಳು ಬರೀ ಚಂದದ ಸಿಳ್ಳೆ ಕಲಿಯುತ್ತಿದ್ದವು, ಹೆಣ್ಣುಗಳು ಗೋಡೆ ನೋಡಿಕೊಂಡೇ ಇರುತ್ತಿದ್ದವು, ಬಾಗಿಲು ತೆರೆಯುತ್ತಿರಲಿಲ್ಲ. ಅವರು ಮರೆತರೋ, ಬೇಕೆಂದೇ ಬಿಟ್ಟರೋ, ಅಥವಾ ಈ ಕಾಗದ ನೋಡಿ ನೀವೇ ತೆಗೆಯುವುದು ಬೇಡವೆಂದಿರೋ ನನಗೆ ತಿಳಿಯದು. ಹಾಗಾಗಿ ಕೈಮುಗಿದು ಕೇಳಿಕೊಳ್ಳುತ್ತೇನೆ. ರುಬೀನಾ ಕರೆದ ದಿನ ಮೆಣಸಿನ ಕಷಾಯ ಕುಡಿಯಬೇಡಿ, ಬಿಸಿನೀರಲ್ಲಿ ಉಪ್ಪು ಹಾಕಿ ಮುಕ್ಕಳಿಸಬೇಡಿ. ಟೀಚರ್ ಕವನ ಓದಿ ಮುಗಿಸಿದ ಮೇಲೆ, ನಂದೇನು ಎಂದು ಎದ್ದು ಬಂದುಬಿಡಬೇಡಿ, ಕೆಮ್ಮನ್ನು ತೆಗೆಯಲೇಬೇಕೆಂದು ಹಟ ಹಿಡಿಯಬೇಡಿ. ಗಂಟಲು ಕಟ್ಟಿದ್ದರೂ ಹೋಗಿ ಗಿರಿಯಣ್ಣನವರೇ. ಕಟ್ಟಿದ್ದರಂತೂ ಹೋಗಲೇಬೇಕು.

ಇಂತಿ,
ಚೆಲುವಿ