ಅಪ್ಪ ಕೇಳುವ ಡಿಸ್ಕ್

ಅಂಗಡಿಯ ಹಿಂದಿನ ಕೋಣೆ
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಗೋದಾಮಿನಲ್ಲಿ ದಿನವಿಡೀ ಪೆಟ್ಟಿಗೆ ಎತ್ತುವುದೆಂದರೆ ಹುಡುಗಾಟವಲ್ಲ. ಬಿಡುವು ಸಿಕ್ಕಾಗಲಾದರೂ ಕುಳಿತುಕೋ. ಇಲ್ಲಿ ಅಪ್ಪನಿಗೆ ಪಾರ್ಶ್ವವಾಯು ಬಡಿದು ಏಳು ತಿಂಗಳಾಯಿತು. ಬಲಗೈ ಇನ್ನೂ ಏಳುತ್ತಿಲ್ಲ, ಮಾತು ಒಂದೊಂದೇ ಪದ. ಡಾಕ್ಟರು 'ಎಡಗೈಗೆ ಕೆಲಸ ಕೊಡಿ, ಏನಾದ್ರೂ ಆಟ ಆಡಿಸಿ' ಎಂದರು. ಗೇಮ್ ಕನ್ಸೋಲ್ ರಿಪೇರಿ ಮಾಡುವವರ ಮನೆಯಲ್ಲಿ ಆಟಕ್ಕೇನು ಬರ!

ಮೊದಲು ಹಳೆಯ ಕಾರ್ಟ್ರಿಡ್ಜ್, ಆ ಪ್ಲಾಸ್ಟಿಕ್ ಡಬ್ಬಿಯ ಆಟ, ಕೊಟ್ಟೆ. ಅಪ್ಪ ಯಾವಾಗಲೂ ಅದರ ಪಕ್ಷವಲ್ಲವೇ? ನಿಮ್ಮಿಬ್ಬರ ಜಗಳ ನನಗೆ ಬಾಯಿಪಾಠ. 'ಒಳಗೆ ತೂರಿಸಿದ್ರೆ ಆಟ ಶುರು. ಕೆಳಗೆ ಬಿದ್ರೂ ಜಗ್ಗಲ್ಲ. ನಿನ್ ಡಿಸ್ಕ್ ಇದ್ಯಲ್ಲ, ಉಗುರು ತಾಗಿದ್ರೆ ಮುನಿಸ್ಕೊಳ್ಳತ್ತೆ' ಎನ್ನುತ್ತಿದ್ದರು. ನೀನು ಬಿಡುತ್ತಿದ್ದೆಯಾ? 'ಅದ್ರೊಳಗೆ ಹಿಡಿಯೋದೆಷ್ಟಪ್ಪಾ? ಡಿಸ್ಕಲ್ಲಿ ಇಡೀ ಊರೇ ಇರತ್ತೆ, ಹಾಡಿರತ್ತೆ, ಜನ ಮಾತಾಡ್ತಾರೆ. ಅಗ್ಗ ಬೇರೆ.' ಅಂಗಡಿಯ ಕಪಾಟನ್ನೆಲ್ಲ ಡಿಸ್ಕಿನಿಂದ ತುಂಬಿಸೋಣ ಎಂದು ನೀನು ಹೇಳಿದ ದಿನವೇ ಮಾತಿಗೆ ಮಾತು ಬೆಳೆದು ಚೀಲ ಎತ್ತಿಕೊಂಡು ಮನೆ ಬಿಟ್ಟೆ. ಆರು ವರ್ಷವಾಯಿತು. ಒಬ್ಬರ ಪ್ಲಾಸ್ಟಿಕ್ ಡಬ್ಬಿಗೂ ಇನ್ನೊಬ್ಬರ ಹೊಳೆಯುವ ತಟ್ಟೆಗೂ ನಡುವೆ ಸಿಕ್ಕಿಬಿದ್ದವಳು ನಾನು.

ಕಾರ್ಟ್ರಿಡ್ಜ್ ಇದ್ದಷ್ಟು ದಿನ ನನಗೂ ಉಸಿರಾಡಲು ಬಿಡುವಿತ್ತು. ಅಪ್ಪ ಅಂಗೈಯಿಂದಲೇ ಒತ್ತಿ ಕೂರಿಸಿ ತಾವೇ ಆಡಿಕೊಳ್ಳುತ್ತಿದ್ದರು. ನಾನು ಮುಂದೆ ಅಂಗಡಿಯಲ್ಲಿ ಕೂತು ಬೆಸುಗೆ ಹಾಕುತ್ತಿದ್ದೆ, ಬೀದಿಯ ಕೊನೆಯವರೆಗೆ ನಡೆದು ಬರುತ್ತಿದ್ದೆ. ಒಂದು ಬೆಳಿಗ್ಗೆ ಅದನ್ನು ಪಕ್ಕಕ್ಕೆ ತಳ್ಳಿ 'ಡಿಸ್ಕ್' ಎಂದರು. ನನ್ನ ಕಿವಿಯನ್ನೇ ನಾನು ನಂಬಲಿಲ್ಲ. ಯಾವುದು ತೋರಿಸಿದರೂ ಬೇಡವೆಂದು ತಲೆಯಾಡಿಸಿದರು. ಕೊನೆಗೆ ನೀನು ಬಿಟ್ಟುಹೋದ ಬೈಕ್ ರೇಸಿನದು ಹಾಕಿದೆ. ಮೆಮೊರಿ ಕಾರ್ಡಿನಲ್ಲಿ ನಿನ್ನ ದಾಖಲೆಗಳು ಹಾಗೇ ಇದ್ದವು. ಪಟ್ಟಿಯ ತುದಿಯಿಂದ ಬುಡದವರೆಗೂ ನಿನ್ನ ಅಡ್ಡಹೆಸರೇ, 'ಗುಂಗುರ'. ಅಪ್ಪ ಅದನ್ನೇ ನೋಡುತ್ತ ಕೂತರು. ಅಲ್ಲಿಂದಾಚೆಗೆ ಬೇರೆ ಆಟ ಬೇಡವೇ ಬೇಡ.

ಆದರೆ ಡಿಸ್ಕಿನ ಅಂಚು ಹಿಡಿದು ಕೂರಿಸಲು ಆ ಒಂದು ಕೈಗೆ ಆಗದು. ಎರಡು ಸಲ ನೆಲಕ್ಕೆ ಬಿದ್ದು ಗೀರಾಗಿದೆ. ಈಗ ನಾನೇ ಹಾಕಬೇಕು. ಪ್ರತಿ ರೇಸಿಗೂ ಮುಂಚೆ ಲೋಡ್ ಆಗುತ್ತ ಪರದೆ ಕಪ್ಪಾದರೆ, ಕೆಟ್ಟೇಹೋಯಿತೆಂದು ಗಾಬರಿಯಾಗಿ ನನ್ನ ತೋಳು ಹಿಡಿಯುತ್ತಾರೆ. ದಿನಕ್ಕೆ ಮೂವತ್ತು ಸಲ. ಗಿರಾಕಿ ಕೂಗಿದರೆ ಕೂತಲ್ಲಿಂದಲೇ 'ಬಂದೆ' ಎನ್ನುತ್ತೇನೆ; ಹೋಗಲಾಗುವುದಿಲ್ಲ. ಮೊನ್ನೆ ತಡೆಯಲಾರದೆ ಡಿಸ್ಕನ್ನು ಮುರಿದೇಬಿಡೋಣವೆಂದು ಬಗ್ಗಿಸಿದೆ, ಅಣ್ಣಾ. ಅಪ್ಪ ನೋಡುತ್ತಿದ್ದರು. ಆಮೇಲೆ ನಾನೇ ಒರೆಸಿ ಹಾಕಿದೆ. ಓಡಿತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಜೊತೆ ಕೋಣೆಯಲ್ಲಿರುವ ಗೊರಕೆಯಣ್ಣನಿಗೂ ನನ್ನ ನಮಸ್ಕಾರ ಹೇಳು.

ನಿನ್ನ ಸಿಡುಕಿ ತಂಗಿ

ಮರೆತು ಬಿಟ್ಟದ್ದಲ್ಲ, ಧೈರ್ಯ ಸಾಲದೆ ಪತ್ರದ ಕೊನೆಗೆ ತಳ್ಳಿದ್ದು: ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವವರ ಹತ್ತಿರ ನನಗೆ ಕೆಲಸ ಸಿಕ್ಕಿದೆ, ಬೇರೆ ಊರಿನಲ್ಲಿ. ಒಂದನೇ ತಾರೀಖಿಗೆ ಸೇರಬೇಕು. ಒಪ್ಪಿಕೊಂಡಾಯಿತು. ನಿನ್ನೆ ಅಪ್ಪನಿಗೆ ಹೇಳಿದೆ. ಬಹಳ ಹೊತ್ತು ತುಟಿ ಅಲುಗಿಸಿ, 'ಹೋಗು' ಎಂದರು. ಸಿಟ್ಟಿನಿಂದಲ್ಲ. ಮೂವತ್ತರ ಬೆಳಗಿನ ಬಸ್ಸಿಗೆ ಬಾ. ಔಷಧಿಯದು, ಸ್ನಾನದ್ದು, ಎಲ್ಲ ಒಂದು ದಿನದಲ್ಲಿ ತೋರಿಸಿಕೊಡುತ್ತೇನೆ. ನೀನು ಬಾರದಿದ್ದರೂ ನಾನು ಹೊರಡುವವಳೇ ಎಂದು ಬರೆಯಬೇಕೆಂದು ಕೂತೆ. ಬರೆಯಲು ಕೈ ಬರುತ್ತಿಲ್ಲ. ಬಾ.