ನಲವತ್ತಾರು ಕಿಲೋಮೀಟರ್ ದೂರದ ತವರಿನಂಗಳ

ಗೋದಾಮಿನ ಆಫೀಸು,
ಭಾನುವಾರ ಬೆಳಗ್ಗೆ, ನವೆಂಬರ್ 16

ಪ್ರೀತಿಯ ತಮ್ಮಾ,

ಕೆಮ್ಮು ಹೇಗಿದೆ? ಹೋದ ವಾರ ನೀನು ಫೋನು ಮಾಡಿದಾಗ ಅಮ್ಮ ಎಂದಿನಂತೆ ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಆದರೆ ಕಿವಿ ಮಂದವಾದವಳು ಸ್ಪೀಕರು ಹಾಕಿಕೊಂಡೇ ಮಾತಾಡುವುದಲ್ಲವೇ, ನಿನ್ನ ಕೆಮ್ಮು ಹೊರಗೆ ಕೂತಿದ್ದ ನನಗೂ ಕೇಳಿಸಿತು. ಒಟ್ಟು ಏಳು ಸಲ. ಕಂಡದ್ದು ಕೇಳಿದ್ದನ್ನೆಲ್ಲ ಎಣಿಸುವ ನನ್ನ ಚಟ ನಿನಗೆ ಗೊತ್ತೇ ಇದೆ. ಸಿಮೆಂಟು ಮೂಟೆ ಬಿಚ್ಚುವಾಗ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೋ. ಕೂಲಿಯವರಿಗೆಲ್ಲ ಗದರಿಸಿ ಕಟ್ಟಿಸುತ್ತಿದ್ದವನು ನೀನು. ನಿನ್ನ ಮೂಗೇನು ಬೇರೆ ಕಂಪನಿಯದೇ? ಆ ಬಂದರಿನ ಸೈಟಿನಲ್ಲಿ ಕೊಟ್ಟಿರುವ ರೂಮಿಗೆ ಕಿಟಕಿ ಇದೆಯೋ ಇಲ್ಲವೋ ಬರೆ. ಅಮ್ಮ ಚೆನ್ನಾಗಿದ್ದಾಳೆ. ಮೊಣಕಾಲು ಮುಷ್ಕರ ಹೂಡಿದೆ, ನಾಲಿಗೆ ಮಾತ್ರ ಒಂದು ದಿನವೂ ರಜೆ ಹಾಕಿಲ್ಲ. ಫೋನು ಬಿಟ್ಟು ಕಾಗದ ಏಕೆ ಎಂದು ನೀನು ಹುಬ್ಬು ಗಂಟಿಕ್ಕುತ್ತೀಯ. ಫೋನಿನಲ್ಲಾದರೆ ನೀನು "ಬಿಡಣ್ಣ, ಆಗಿದ್ದು ಆಗೋಯ್ತು" ಎನ್ನುತ್ತೀಯ, ನಾನೂ ಹಾಯಾಗಿ ಬಿಟ್ಟುಬಿಡುತ್ತೇನೆ. ಕಾಗದಕ್ಕೆ ನಡುವೆ ಬಾಯಿ ಹಾಕಲು ಬರುವುದಿಲ್ಲ.

ಸುದ್ದಿ ಎಂದರೆ ಫುಟ್ಬಾಲಿನದೇ. ನಮ್ಮೂರ ಕಾಲೇಜಿನ ತಂಡ ಈಗಲೂ ತವರಿನ ಪಂದ್ಯಗಳನ್ನೆಲ್ಲ ಹೊಳೆಯಾಚೆಯ ಕಾಲೇಜಿನ ಮೈದಾನದಲ್ಲಿ ಆಡುತ್ತಿದೆ. ಪೇಪರಿನವರು "ತವರಿನಂಗಳದಲ್ಲಿ ಸೋಲು" ಎಂದು ಬರೆಯುತ್ತಾರೆ. ಆ ತವರು ಮುಟ್ಟಲು ಬಸ್ಸಿನಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ. ಗೇಟಿನಿಂದ ಗೇಟಿಗೆ ನಲವತ್ತಾರು ಕಿಲೋಮೀಟರು, ನಾನೇ ಮೀಟರು ನೋಡಿದ್ದೇನೆ. ಮೊದಲ ಪಂದ್ಯಕ್ಕೆ ಮೂರು ಬಸ್ಸು ಹೊರಟಿದ್ದವು, ಕಿಟಕಿಯಿಂದ ಬಾವುಟ ಬೀಸುತ್ತಿದ್ದರು. ಈಗ ಒಂದೇ ಬಸ್ಸು, ಅದರಲ್ಲೂ ಅರ್ಧ ಸೀಟು ಖಾಲಿ. ಎಂಟನೇ ತಾರೀಕು ಹೊರಟಾಗ ಆಟಗಾರರನ್ನು ಬಿಟ್ಟರೆ ಒಂಬತ್ತು ಜನ, ಡ್ರೈವರೂ ಸೇರಿ. ಆತಿಥೇಯ ತಂಡ ಎನಿಸಿಕೊಂಡ ಮೇಲೆ ಮೈದಾನಕ್ಕೆ ಬೇಕಾದ್ದನ್ನೆಲ್ಲ ಒದಗಿಸುವ ಭಾರವೂ ನಮ್ಮದೇ. ಗೋಲಿನ ಬಲೆ ಎರಡು, ಮೂಲೆಯ ಬಾವುಟ ನಾಲ್ಕು, ಗೆರೆ ಎಳೆಯುವ ಸುಣ್ಣ, ಅತಿಥಿಗಳಿಗೆ ಕುಡಿಯುವ ನೀರಿನ ಕ್ಯಾನು ಆರು. ಮನೆಯನ್ನೇ ಹೊತ್ತುಕೊಂಡು ಹೋಗಿ, ಎರಡು ಗಂಟೆ ಹೂಡಿ, ಮತ್ತೆ ಕಿತ್ತುಕೊಂಡು ಬರುವ ಕೆಲಸ. ಇದುವರೆಗೆ ಹನ್ನೊಂದು ಪಂದ್ಯ ಆಗಿವೆ. ಹನ್ನೊಂದಕ್ಕೂ ನಾನು ಹೋಗಿದ್ದೇನೆ, ಕ್ಯಾನು ಇಳಿಸಿದ್ದೇನೆ. ನನಗೆ ಆಟದ ಹುಚ್ಚು ಹಿಡಿದಿದೆ ಎಂದು ಜನ ತಿಳಿದಿದ್ದಾರೆ. ಆಫ್‌ಸೈಡ್ ಎಂದರೆ ಏನೆಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ ಮಾರಾಯ.

ಇತ್ತ ನಮ್ಮ ಮೈದಾನದ ಗೇಟಿಗೆ ಹಾಕಿದ ಸೀಲು ಹಾಗೇ ಇದೆ. ಬೇಲಿಯ ಹೊರಗೆ ನಿಂತರೆ ಕಾಣುತ್ತದೆ: ನಾವು ಕಟ್ಟಿದ ಗ್ಯಾಲರಿ ಮಗ್ಗುಲಾಗಿ ಮಲಗಿದೆ, ಸರಳುಗಳು ತುಕ್ಕು ಹಿಡಿದು ಕೆಂಪಾಗಿವೆ, ಗೋಲುಕಂಬದ ಎತ್ತರಕ್ಕೆ ಹುಲ್ಲು ಬೆಳೆದಿದೆ. ಬಿದ್ದದ್ದು ಸಾಕ್ಷಿಯಂತೆ, ತನಿಖೆ ಮುಗಿಯುವವರೆಗೆ ಒಂದು ಕಲ್ಲನ್ನೂ ಎತ್ತುವಂತಿಲ್ಲವಂತೆ. ತನಿಖೆ ಮುಗಿಯುತ್ತಿಲ್ಲ. ಬಾಯಿ ತೆರೆಯದ ನಮ್ಮ ಕೂಲಿಯವರನ್ನು ಬಿಟ್ಟರೆ, ಏಕೆ ಮುಗಿಯುತ್ತಿಲ್ಲ ಎನ್ನುವುದು ಲೋಕದಲ್ಲಿ ಇಬ್ಬರಿಗೇ ಗೊತ್ತಿತ್ತು, ಇಬ್ಬರೂ ಒಂದೇ ತಾಯಿಯ ಮಕ್ಕಳು. ಅದನ್ನು ನಿನಗೂ ಒಮ್ಮೆ ನನ್ನ ಕೈಯಿಂದ ಬರೆಯಬೇಕು, ಬರೆಯುತ್ತೇನೆ. ಕಾಂಕ್ರೀಟು ಹಾಕಿ ಹನ್ನೊಂದನೇ ದಿನ ಸೆಂಟ್ರಿಂಗ್ ಹಲಗೆ ಬಿಚ್ಚಿ, ಕೆಳಗಿನಿಂದ ಆನಿಸಿದ ಕಂಬ ತೆಗೆಯಿರಿ ಎಂದವನು ನಾನು. "ತೊಲೆ ಇನ್ನೂ ಹಸಿ ಇದೆ ಅಣ್ಣ, ಇಪ್ಪತ್ತೊಂದು ದಿನ ಬೇಕೇ ಬೇಕು, ನಾನಂತೂ ಕೈ ಹಚ್ಚಲ್ಲ" ಎಂದು ಹೇಳಿ ಆ ದಿನ ಕೆಲಸಕ್ಕೇ ಬಾರದವನು ನೀನು. ಹದಿನೈದನೇ ದಿನ ಉದ್ಘಾಟನೆಯ ಪಂದ್ಯ, ಗ್ಯಾಲರಿಯ ಕೆಳಗೆ ಕಂಬದ ಕಾಡು ನಿಂತಿದ್ದರೆ ಚೆನ್ನಾಗಿ ಕಾಣುವುದಿಲ್ಲ ಎನ್ನುವುದು ನನ್ನ ಅವಸರ. ಗಾರೆಯ ಬಾಂಡ್ಲಿ ಹೊತ್ತು ಮೇಲೆ ಬಂದವನಿಗೆ ಪ್ರಿನ್ಸಿಪಾಲರ ಕೈಯಲ್ಲಿ ರಿಬ್ಬನ್ ಕತ್ತರಿಸುವ ಕತ್ತರಿ ಕೊಡುವ ಆಸೆ. ಹನ್ನೆರಡನೇ ದಿನ ಸಂಜೆ ಬಿತ್ತು. ಹುಡುಗರು ಮೈದಾನದ ನಡುವೆ ಅಭ್ಯಾಸ ಮಾಡುತ್ತಿದ್ದರು. ಮೇಲೆ ಕೂತಿದ್ದವರು ಡ್ರಿಲ್ ಮೇಷ್ಟ್ರು ಒಬ್ಬರೇ, ಆರನೇ ಮೆಟ್ಟಿಲಲ್ಲಿ. ಮೂರು ದಿನ ತಡೆದು ಬಿದ್ದಿದ್ದರೆ ಅಲ್ಲಿ ಎಂಟು ನೂರು ಜನ. ಆ ಎಂಟು ನೂರನ್ನು ನಾನು ದಿನಕ್ಕೊಮ್ಮೆಯಾದರೂ ಎಣಿಸಲು ಶುರುಮಾಡುತ್ತೇನೆ, ನೂರು ದಾಟುವುದರೊಳಗೆ ನಿಲ್ಲಿಸುತ್ತೇನೆ.

ತನಿಖೆಯ ಮೊದಲ ದಿನ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಎದ್ದು ನಿಂತು "ನಾನೇ ಬಿಚ್ಚಿಸಿದ್ದು ಸಾರ್" ಎಂದುಬಿಟ್ಟೆ. ಕಂಟ್ರಾಕ್ಟ್ ಲೈಸೆನ್ಸು ಅಣ್ಣನ ಹೆಸರಿನಲ್ಲಿದೆ, ನಂಬಿಕೊಂಡು ನಲವತ್ತು ಮನೆಗಳಿವೆ, ಒಬ್ಬ ಹೋದರೆ ಸಾಕು ಎನ್ನುವುದು ನಿನ್ನ ಲೆಕ್ಕ. ನಾನು ಬಾಯಿ ತೆರೆಯುವಷ್ಟರಲ್ಲಿ ಎಂದು ಹದಿನಾಲ್ಕು ತಿಂಗಳಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ನಿಜ ಹೇಳಬೇಕೆಂದರೆ ನನ್ನ ಬಾಯಿ ಮುಚ್ಚಿತ್ತು, ತೆರೆಯುವ ಅಂದಾಜೂ ಇರಲಿಲ್ಲ. ಈ ಊರಿನಲ್ಲಿ ಇನ್ನು ಯಾರೂ ನಿನ್ನನ್ನು ಕೆಲಸಕ್ಕೆ ಸೇರಿಸುವುದಿಲ್ಲ ಎಂದಾದ ಮೇಲೆ ನೀನು ಪೆಟ್ಟಿಗೆ ಕಟ್ಟಿದೆ. ನಾನು ಬಸ್‌ಸ್ಟ್ಯಾಂಡಿಗೆ ಬಂದು ಪೆಟ್ಟಿಗೆ ಎತ್ತಿಕೊಟ್ಟೆ. ಅಷ್ಟೇ ನನ್ನ ದೊಡ್ಡತನ. ಆದರೆ ನೀನು ಒಂದು ತಪ್ಪು ಮಾಡಿದೆ. ಸೈಟಿನ ಹಾಜರಿ ಪುಸ್ತಕ ಮರೆತೆ. ಕಂಬ ತೆಗೆದ ದಿನ ನಿನ್ನ ಹೆಸರಿನ ಮುಂದೆ ಗೈರುಹಾಜರಿಯ ಅಡ್ಡಗೆರೆ ಇದೆ, ಕೆಂಪು ಶಾಯಿಯಲ್ಲಿ. ಎಳೆದವನು ನಾನೇ, ಸಿಟ್ಟಿನಲ್ಲಿ, ಕಾಗದ ಹರಿಯುವ ಹಾಗೆ ಒತ್ತಿ. ಕೆಲಸಕ್ಕೇ ಬಾರದವನು ಎದುರು ನಿಂತು ಕಂಬ ತೆಗೆಸಿದ್ದು ಹೇಗೆ ಎಂದು ತನಿಖಾ ಸಮಿತಿಯವರು ಆ ಗೆರೆಯನ್ನೂ ನಿನ್ನ ಹೇಳಿಕೆಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದರು. ಅದು ಕೂಡಿಬಾರದೆ ಫೈಲು ಮುಚ್ಚುವುದಿಲ್ಲ, ಫೈಲು ಮುಚ್ಚದೆ ಸೀಲು ಒಡೆಯುವುದಿಲ್ಲ, ಸೀಲು ಒಡೆಯದೆ ಆ ಹುಡುಗರಿಗೆ ಮನೆ ಇಲ್ಲ.

ಇನ್ನು ಎಂಟನೇ ತಾರೀಕಿನ ಕಥೆ ಕೇಳು. ಆವತ್ತು ನಮ್ಮ ಎದುರಾಳಿ ಯಾರೆಂದರೆ, ಆ ಮೈದಾನದ ಯಜಮಾನರೇ, ಹೊಳೆಯಾಚೆಯವರು. ಪಟ್ಟಿಯ ಪ್ರಕಾರ ಪಂದ್ಯ ನಮ್ಮ ತವರಿನದು. ಅಂದರೆ ಅವರ ಮೈದಾನದಲ್ಲಿ, ಅವರ ಜನರ ಮುಂದೆ, ಅವರು ಅತಿಥಿ, ನಾವು ಮನೆಯವರು! ನಿಯಮ ಎಂದರೆ ನಿಯಮ ಎಂದು ರೆಫರಿ ಪಟ್ಟು ಹಿಡಿದರು. ನಲವತ್ತಾರು ಕಿಲೋಮೀಟರು ಹೊತ್ತು ತಂದ ನೀರನ್ನು ಅವರ ನಲ್ಲಿಯ ಪಕ್ಕದಲ್ಲೇ ನಿಂತು ಅವರಿಗೇ ಬಗ್ಗಿಸಿಕೊಟ್ಟೆ. ಅವರ ಕ್ಯಾಪ್ಟನ್, ಬಾಗಿಲ ಚೌಕಟ್ಟಿನಷ್ಟು ಎತ್ತರದವನು, ನಗು ತಡೆದುಕೊಂಡು "ನಿಮ್ಮೂರ ನೀರು ಚೆನ್ನಾಗಿದೆ ಅಂಕಲ್" ಎಂದು ಲೋಟ ಖಾಲಿ ಮಾಡಿದ. ಒಳ್ಳೆಯವನು. ಬಟ್ಟೆ ಬದಲಿಸುವ ದೊಡ್ಡ ಕೋಣೆ ಆತಿಥೇಯರಿಗೆ ಸೇರಬೇಕಾದ್ದು. ಬೇರೆ ಪಂದ್ಯಗಳಿಗೆ ಅದಕ್ಕೆ ಬೀಗ ಹಾಕಿ ನಮಗೆ ಜಿಮ್ಮಿನ ಮೂಲೆ ಕೊಡುತ್ತಿದ್ದರು. ಆವತ್ತು ರೆಫರಿ ಬೀಗ ತೆಗೆಸಿದರು. ಅಲ್ಲಿ ಗೋಡೆಯುದ್ದಕ್ಕೂ ಹದಿನೆಂಟು ಗೂಟ, ಪ್ರತಿ ಗೂಟದ ಮೇಲೆ ಒಬ್ಬೊಬ್ಬ ಆಟಗಾರನ ಹೆಸರು ಬಣ್ಣದಲ್ಲಿ ಬರೆದಿದೆ. ಅವರು ತಮ್ಮ ತಮ್ಮ ಟವೆಲು ತೆಗೆದುಕೊಂಡು ಚಿಕ್ಕ ಕೋಣೆಗೆ ಹೋದರು. ನಮ್ಮ ಹುಡುಗರು ಒಳಗೆ ಬಂದು ಗೋಡೆ ನೋಡಿದರು. ಹದಿನೆಂಟೂ ಗೂಟ ಖಾಲಿ ಇದ್ದವು. ಒಬ್ಬನೂ ಅಂಗಿ ತಗುಲಿಸಲಿಲ್ಲ. ಮಡಚಿ ನೆಲದ ಮೇಲೆ, ಅವರವರ ಕಾಲ ಬಳಿ ಇಟ್ಟುಕೊಂಡರು. ನಮ್ಮ ಗೋಲ್‌ಕೀಪರ್, ಸದಾ ಹರಟುವವನು, "ಬೇರೆಯವರ ಹೆಸರಿನ ಕೆಳಗೆ ನನ್ನ ಅಂಗಿ ಯಾಕೆ ಬಿಡಿ" ಎಂದ, ಯಾರನ್ನೂ ನೋಡದೆ. ನಾನು ಖಾಲಿ ಕ್ಯಾನು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಹತ್ತೊಂಬತ್ತು ವರ್ಷದವರಿಗೆ ತಿಳಿದದ್ದು ಐವತ್ತೆರಡಾದ ನನಗೆ ತಿಳಿಯಲಿಲ್ಲವಲ್ಲ ಎಂದುಕೊಂಡೆ. ಆಟ ಒಂದಕ್ಕೊಂದು ಗೋಲಿನಲ್ಲಿ ಸಮವಾಯಿತು. ನಾವು ಗೋಲು ಹೊಡೆದಾಗ ಚಪ್ಪಾಳೆ ತಟ್ಟಿದ್ದು ಒಂಬತ್ತು ಜೋಡಿ ಕೈ; ಅಷ್ಟು ದೊಡ್ಡ ಮೈದಾನದಲ್ಲಿ ತಗಡಿನ ಮೇಲೆ ಹನಿ ಬಿದ್ದ ಹಾಗಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಡ್ರಿಲ್ ಮೇಷ್ಟ್ರ ಪಕ್ಕ ಕೂತೆ. ಅವರೂ ಒಂದು ಪಂದ್ಯ ತಪ್ಪಿಸಿಲ್ಲ. ಗ್ಯಾಲರಿ ಬಿದ್ದಾಗ ಮುರಿದ ಕಾಲನ್ನು ಸೀಟಿನಿಂದ ಹೊರಗೆ ಚಾಚಿಕೊಂಡೇ ಕೂರಬೇಕು, ಮಡಚಲು ಆಗುವುದಿಲ್ಲ. "ನಿಮ್ಮ ಗ್ಯಾಲರಿಗೆ ಹಾಕಬೇಕಾಗಿದ್ದ ಕಬ್ಬಿಣ ಡಾಕ್ಟ್ರು ನನ್ನ ಕಾಲಿಗೆ ಹಾಕಿದ್ದಾರೆ ನೋಡಿ ಕಂಟ್ರಾಕ್ಟರೇ" ಎಂದು ಪ್ರತಿ ಸಲ ಹೇಳುತ್ತಾರೆ, ಪ್ರತಿ ಸಲ ಇಬ್ಬರೂ ನಗುತ್ತೇವೆ. ಆವತ್ತು ಅದನ್ನು ಹೇಳಲಿಲ್ಲ. ಸೇತುವೆ ದಾಟಿದ ಮೇಲೆ ನಿನ್ನ ವಿಷಯ ತೆಗೆದರು. "ನಿಮ್ಮ ತಮ್ಮ ಬೆಳಗ್ಗೆ ಸಂಜೆ ಪೈಪು ಹಿಡ್ಕೊಂಡು ಆ ಕಾಂಕ್ರೀಟಿಗೆ ನೀರು ಹಾಕ್ತಿದ್ದ, ಮಗೂಗೆ ಸ್ನಾನ ಮಾಡಿಸೋ ಹಾಗೆ. ಹತ್ತು ದಿನವೂ ನೋಡಿದೀನಿ" ಎಂದರು. ಆಮೇಲೆ ಕಾಲನ್ನು ಎರಡೂ ಕೈಯಲ್ಲಿ ಸರಿಸಿಕೊಂಡು, "ಮೂವತ್ತು ವರ್ಷ ಹುಡುಗರನ್ನ ಮೇಯಿಸಿದೋನು ನಾನು. ಗಾಜು ಒಡೆದೋನು ಯಾರು, ಕೈ ಎತ್ತಿದೋನು ಯಾರು ಅಂತ ಮುಖ ನೋಡಿದ್ರೆ ಗೊತ್ತಾಗುತ್ತೆ" ಎಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಕಿಟಕಿಯಾಚೆ ನೋಡುತ್ತಿದ್ದರು. ಅದು ಅವರ ದೊಡ್ಡತನ, ನನ್ನದಕ್ಕಿಂತ ಒಂದು ಕೈ ಮೇಲು.

ನಮ್ಮ ಮನೆಯ ಒಂದು ಮಾತನ್ನೂ ಬರೆದುಬಿಡುತ್ತೇನೆ. ಹೋದ ತಿಂಗಳು ಸೋದರಮಾವ ಬಂದಿದ್ದಾಗ ನಿನ್ನ ಮಾತು ಬಂತು. ಅಮ್ಮ ಬಡಿಸುತ್ತಾ, "ಚಿಕ್ಕೋನಿಗೆ ಮೊದಲಿಂದಲೂ ಅವಸರ ಕಣೋ, ದೊಡ್ಡೋನ ತಾಳ್ಮೆ ಅವನಿಗೆ ಬರಲಿಲ್ಲ" ಎಂದಳು. ಒಂಬತ್ತು ತಿಂಗಳು ತುಂಬುವವರೆಗೂ ಕಾಯದೆ ಹುಟ್ಟಿದವನು ನಾನು, ಹತ್ತು ದಿನ ತಡಮಾಡಿ ಬಂದವನು ನೀನು. ಹೆತ್ತವಳೇ ಅದನ್ನು ಮರೆತಿದ್ದಾಳೆ. ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ. ಇನ್ನೊಂದು ತುತ್ತು ಹಾಕಿಸಿಕೊಂಡೆ ಕೂಡ.

ಕಾಗದ ಉದ್ದವಾಯಿತು. ಹೊತ್ತಿಗೆ ಸರಿಯಾಗಿ ಉಣ್ಣು, ತೇವದ ನೆಲದಲ್ಲಿ ಮಲಗಬೇಡ. ನಿನ್ನ ಸೈಕಲ್ಲಿಗೆ ವಾರಕ್ಕೊಮ್ಮೆ ಗಾಳಿ ತುಂಬಿಸಿ ಒರೆಸಿ ಇಡುತ್ತಿದ್ದೇನೆ. ಮೇಸ್ತ್ರಿಗಳೆಲ್ಲ ನಿನ್ನನ್ನು ಕೇಳಿದ್ದಾರೆಂದು ತಿಳಿಸಲು ಹೇಳಿದರು. ಹಿರಿಯನಾಗಿ ತಲೆಯ ಮೇಲೆ ಕೈಯಿಟ್ಟು ಹರಸಬೇಕಾದ ಜಾಗ ಇದು. ಹರಸುವ ಯೋಗ್ಯತೆ ಇನ್ನೂ ಬಂದಿಲ್ಲ, ಅದಕ್ಕೆ ಬರೀ ಕೈಯಿಡುತ್ತೇನೆ.

ಇಂತಿ,
ನಿನ್ನ ಅಣ್ಣ

ಮರೆತಿದ್ದೆ: ಗುರುವಾರ ಸಮಿತಿಯ ಆಫೀಸಿಗೆ ಹೋಗಿ ಎಲ್ಲವನ್ನೂ ಬರೆದು ಸಹಿ ಹಾಕಿ ಕೊಟ್ಟೆ, ಲೈಸೆನ್ಸನ್ನೂ ಮೇಜಿನ ಮೇಲಿಟ್ಟು ಬಂದೆ. ನಲವತ್ತು ಜನರಲ್ಲಿ ಮೂವತ್ತೊಂದು ಜನಕ್ಕೆ ಬೇರೆ ಸೈಟು ಗೊತ್ತುಮಾಡಿದ್ದೇನೆ, ಉಳಿದ ಒಂಬತ್ತು ಜನಕ್ಕೆ ಓಡಾಡುತ್ತಿದ್ದೇನೆ. ಆ ಸಂಜೆಯೇ ಅಮ್ಮನಿಗೂ ಹೇಳಿದೆ. ನನ್ನ ಅಂಗಿಗೆ ಗುಂಡಿ ಹಾಕುತ್ತಿದ್ದಳು. ದಾರ ಕೂಡ ಕತ್ತರಿಸದೆ ಎದ್ದು ಹೋದಳು. ಅಂಗಿ ಸೂಜಿ ಸಮೇತ ಇನ್ನೂ ಕುರ್ಚಿಯ ಮೇಲೇ ಇದೆ, ನಾನು ಮುಟ್ಟಿಲ್ಲ. ಇಪ್ಪತ್ತೇಳಕ್ಕೆ ಸಮಿತಿಯವರು ನಿನ್ನನ್ನು ಕರೆಸುತ್ತಾರೆ, ರಿಜಿಸ್ಟರ್ ಪೋಸ್ಟು ಬರುತ್ತದೆ. ಬಾ. ಆದರೆ ನಿನ್ನ ಕಾಲಿಗೆ ಬೀಳುತ್ತೇನೆ, ಮತ್ತೆ ಎದ್ದು ನಿಂತು "ನಾನೇ" ಅನ್ನಬೇಡ. ನನ್ನ ಕೆಳಗೆ ನೀನು ನಿಲ್ಲಿಸಿದ ಕಂಬವನ್ನು ಇನ್ನು ತೆಗೆ. ಇಪ್ಪತ್ತೊಂದು ದಿನ ಸಾಕಿತ್ತು, ಹದಿನಾಲ್ಕು ತಿಂಗಳಾಯಿತು. ನಿಲ್ಲುತ್ತೇನೋ ಬೀಳುತ್ತೇನೋ ನೋಡಿಯೇಬಿಡೋಣ.